ಮೇಷ್ಟ್ರ ಕಾರಿನ ಫಿಲ್ಟರು

ವೆಂಕಟಾಚಲ ಮೇಷ್ಟ್ರು ಕಾರು ಓಡಿಸುತ್ತಾರೆ ಎಂದರೆ ಎನ್.ಆರ್. ಕಾಲೊನಿಯಲ್ಲಿ ಯಾರೂ ಒಪ್ಪುವುದಿಲ್ಲ. ನಡೆಸುತ್ತಾರೆ ಎಂದರೆ ಒಪ್ಪಿಯಾರು. ಮನೆಯ ಗೇಟಿನಿಂದ ಹೊರಟು ಗಾಂಧಿ ಬಜಾರು ಮುಟ್ಟುವಷ್ಟರಲ್ಲಿ ಎರಡು ಸೈಕಲ್ಲು, ಒಂದು ಸೊಪ್ಪಿನ ಗಾಡಿ ಅವರನ್ನು ಹಿಂದಿಕ್ಕಿ ಹೋಗಿರುತ್ತವೆ. ಅದನ್ನು ಹೇಳಿಕೊಂಡು ನಗುವವರ ಮೇಲೆ ಮೇಷ್ಟ್ರಿಗೆ ಸಿಟ್ಟಿಲ್ಲ. ಮೂವತ್ತಮೂರು ವರ್ಷ ಚಾಮರಾಜಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವರು. ಹಿಂದಿನ ಬೆಂಚಿನ ನಗು ಕಿವಿಗೆ ಹಾಕಿಕೊಳ್ಳದೆ ಇರುವುದು ಅವರಿಗೆ ಚೆನ್ನಾಗಿ ರೂಢಿಯಾಗಿತ್ತು.

ಹೆಂಡತಿ ಕಾವೇರಮ್ಮ ಮಾತ್ರ ನಗುತ್ತಿರಲಿಲ್ಲ. ಬೇರೆ ಹೆಂಗಸರು ಗಂಡ ಕಾರು ಓಡಿಸುವಾಗ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತಾರಂತೆ. ಕಾವೇರಮ್ಮ ಇಲ್ಲದ ಆಕ್ಸಿಲರೇಟರನ್ನು ಒತ್ತುತ್ತಿದ್ದರು. ಬುಲ್ ಟೆಂಪಲ್ ರಸ್ತೆ ಮುಗಿಯುವಷ್ಟರಲ್ಲಿ ಅವರ ಬಲಗಾಲಿನ ಮೀನಖಂಡ ಹಿಡಿದುಕೊಂಡಿರುತ್ತಿತ್ತು.

ಅವರ ಕಾಲಿಗೆ ಆ ಹಕ್ಕು ಇತ್ತು ಅನ್ನಿ. ತೊಂಬತ್ತೆಂಟನೇ ಇಸವಿಯಲ್ಲಿ, ನಲವತ್ತಮೂರು ವರ್ಷ ತುಂಬಿದ ಮೇಲೆ, ಪಕ್ಕದ ಬೀದಿಯ ಶೈಲಜಮ್ಮನನ್ನು ಜೊತೆ ಮಾಡಿಕೊಂಡು ಡ್ರೈವಿಂಗ್ ಸ್ಕೂಲಿಗೆ ಸೇರಿ, ಇಪ್ಪತ್ತೊಂದು ದಿನ ಕಲಿತು ಲೈಸೆನ್ಸ್ ತೆಗೆದುಕೊಂಡವರು ಅವರು. ಲೈಸೆನ್ಸ್ ಬಂದ ವಾರವೇ ಮೇಷ್ಟ್ರ ಹಳೆಯ ಫಿಯೆಟ್ಟನ್ನು ಹೊರಗೆ ತಂದು, ಮೂಲೆಯ ಅವರೇಕಾಯಿ ಗಾಡಿಗೆ ಸ್ವಲ್ಪ ತಾಗಿಸಿದರು. ಗಾಡಿಯವನು ಬಿದ್ದ ಕಾಯಿ ಆರಿಸಿಕೊಂಡು ಸುಮ್ಮನಾದ. ಮೇಷ್ಟ್ರು ಸುಮ್ಮನಾಗಲಿಲ್ಲ. ಬೈಯಲೂ ಇಲ್ಲ. "ಬಿಡು, ನಿನಗ್ಯಾಕೆ ಈ ತಲೆನೋವು" ಎಂದು ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಂಡರು. ಆಮೇಲೆ ಹನ್ನೊಂದು ವರ್ಷ ಅದು ಆ ಜೇಬಿನಿಂದ ಕಾವೇರಮ್ಮನ ಕೈಗೆ ಬರಲೇ ಇಲ್ಲ.

ಆದರೂ ಕಾವೇರಮ್ಮ ಆಸೆ ಬಿಟ್ಟಿರಲಿಲ್ಲ. ಐವತ್ತು ತುಂಬಿ ಲೈಸೆನ್ಸಿನ ಅವಧಿ ಮುಗಿದಾಗ, ಬ್ಲೌಸ್ ಪೀಸ್ ತರುತ್ತೇನೆಂದು ಹೇಳಿ ಜಯನಗರದ ಆರ್.ಟಿ.ಓ. ಕಚೇರಿಗೆ ಹೋಗಿ ಇನ್ನು ಐದು ವರ್ಷಕ್ಕೆ ನವೀಕರಿಸಿಕೊಂಡು ಬಂದರು. ಬ್ಲೌಸ್ ಪೀಸ್ ಎಲ್ಲಿ ಎಂದು ಕೇಳುವ ಗಂಡಸು ಆ ಮನೆಯಲ್ಲಿರಲಿಲ್ಲ, ಅದೊಂದು ಅನುಕೂಲವಾಯಿತು. ಈಗ ಆ ಐದು ವರ್ಷವೂ ಬರುವ ಫೆಬ್ರವರಿಗೆ ಮುಗಿಯುವುದರಲ್ಲಿತ್ತು. ಗಂಡನ ಎದುರಿಗೆ, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೇ ಒಂದು ಸಲ ರಸ್ತೆಯಲ್ಲಿ ಓಡಿಸಬೇಕು. ಇಲ್ಲದಿದ್ದರೆ ಆ ಕಾರ್ಡನ್ನು ಮತ್ತೆ ನವೀಕರಿಸುವುದು ಯಾತಕ್ಕೆ ಎಂದು ಅವರಿಗೆ ಅನ್ನಿಸತೊಡಗಿತ್ತು.

ಹಾಗಂತ ಓಡಿಸುವುದು ಮರೆತಿರಲೂ ಇಲ್ಲ. ಅದಕ್ಕೆ ಕಾರಣ ಅವರ ತಮ್ಮ ರಾಘವ. ರಾಘವ ಮೂಳೆ ಡಾಕ್ಟರು, ಪರದೇಶದಿಂದ ತರಿಸಿದ ದೊಡ್ಡ ಡೀಸೆಲ್ ಕಾರು ಇಟ್ಟುಕೊಂಡಿದ್ದವನು. ಭಾನುವಾರ ಬೆಳಿಗ್ಗೆ ಬಂದು, ಅಕ್ಕನನ್ನು ಬನಶಂಕರಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತೇನೆ ಭಾವ, ಎನ್ನುತ್ತಿದ್ದ. ದೇವಸ್ಥಾನದ ಮುಂದೆ ಸೀಟು ಬದಲಾಗುತ್ತಿತ್ತು. ಹಾರೋಹಳ್ಳಿಯವರೆಗೆ ಅಕ್ಕ ಓಡಿಸುವುದು, ತಮ್ಮ ಪಕ್ಕದಲ್ಲಿ ಕೂತು ಕಡಲೆಕಾಯಿ ತಿನ್ನುವುದು. ಬನಶಂಕರಿಯ ದರ್ಶನಕ್ಕೆ ಮೂರು ಗಂಟೆ ಹಿಡಿಯುತ್ತದೆ, ಅಷ್ಟು ರಶ್ಶು, ಎಂದು ಮೇಷ್ಟ್ರು ಬಹಳ ದಿನ ನಂಬಿದ್ದರು.

ಎರಡು ಸಾವಿರದ ಎಂಟರ ದೀಪಾವಳಿ ಮುಗಿದ ಮೇಲೆ ರಾಘವ ಒಂದು ವರ್ಷದ ಮಟ್ಟಿಗೆ ದೆಹಲಿಯ ಆಸ್ಪತ್ರೆಯೊಂದಕ್ಕೆ ಹೋದ. ಹೋಗುವಾಗ ಕಾರನ್ನು ಭಾವನ ಕೈಗೆ ಒಪ್ಪಿಸಿದ. ಕಾರು ನಿಂತಲ್ಲೇ ನಿಂತರೆ ಕೆಡುತ್ತದೆ, ಆಗಾಗ ಒಂದು ಲಾಂಗ್ ಡ್ರೈವ್ ಹೋಗಿಬನ್ನಿ ಎಂದು ಎರಡೆರಡು ಸಲ ಹೇಳಿದ. ಮೇಷ್ಟ್ರು ಆಗಲಿ ಎಂದು ಮಾತು ಕೊಟ್ಟರು, ಕೊಟ್ಟ ಮಾತಿಗೆ ತಪ್ಪದೆ ತಿಂಗಳಿಗೊಂದು ಲಾಂಗ್ ಡ್ರೈವ್ ಹೋದರು. ಜಯನಗರ ನಾಲ್ಕನೇ ಬ್ಲಾಕಿನವರೆಗೆ.

ಉಳಿದ ದಿನ ಹಾಲು ಬೂತು, ತರಕಾರಿ, ರಾಯರ ಮಠ. ಭಾವಮೈದುನನ ಕಾರು, ಒಂದು ಗೀರೂ ಬೀಳಬಾರದು ಎಂಬ ಕಾಳಜಿಯಲ್ಲಿ ಮೇಷ್ಟ್ರು ಅದನ್ನು ಬಾಣಂತಿಯ ಹಾಗೆ ನೋಡಿಕೊಂಡರು. ಎಂಜಿನ್ನಿಗೆ ಆಯಾಸವಾಗಬಾರದೆಂದು ಇಪ್ಪತ್ತೈದು ಕಿಲೋಮೀಟರ್ ವೇಗಕ್ಕೇ ನಾಲ್ಕನೇ ಗೇರು ಹಾಕುವರು. ಇಳಿಜಾರು ಬಂದರೆ ನ್ಯೂಟ್ರಲ್. ಸಿಗ್ನಲ್ಲಿನಲ್ಲಿ ಕೆಂಪು ದೀಪ ಕಂಡರೆ ಎಂಜಿನ್ ಬಂದ್. ಕೆಲವು ಸಲ ಮನೆಗೆ ಬಂದು ನಿಲ್ಲಿಸುವ ಹೊತ್ತಿಗೆ ಬಾನೆಟ್ಟಿನಿಂದ ಏನೋ ಕಮಟು ವಾಸನೆ ಬರುತ್ತಿತ್ತು, ಒಳಗಿನ ಫ್ಯಾನು ತಾನೇ ತಾನಾಗಿ ಗುಂಯ್‌ಗುಡುತ್ತಿತ್ತು. ಅಯ್ಯೋ, ಬಿಸಿಯಾಯಿತು ಎಂದು ಮೇಷ್ಟ್ರು ಥಟ್ಟನೆ ಕೀಲಿ ತಿರುಗಿಸಿ ಆರಿಸಿ, ಕಾರಿನ ಮೂತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು.

ಸೆಪ್ಟೆಂಬರಿನಲ್ಲಿ ಸ್ಪೀಡಾಮೀಟರಿನ ಪಕ್ಕದಲ್ಲಿ ಒಂದು ಹಳದಿ ದೀಪ ಹತ್ತಿತು. ಮೇಷ್ಟ್ರು ಅದನ್ನು ಕನ್ನಡಕ ಹಾಕಿಕೊಂಡೂ ನೋಡಿದರು, ತೆಗೆದೂ ನೋಡಿದರು. ಕಾರಿನ ಪುಸ್ತಕ ದೆಹಲಿಗೆ ಹೋದ ರಾಘವನ ಬೀರುವಿನಲ್ಲಿತ್ತು. ಕೊನೆಗೆ, ಇದು ಕೇವಲ ವೈರಿಂಗಿನ ದೋಷ, ಎಂಜಿನ್ನಿಗೆ ಸಂಬಂಧವಿಲ್ಲ ಎಂದು ತೀರ್ಪು ಕೊಟ್ಟರು. ದಿನಾ ಕಣ್ಣಿಗೆ ಚುಚ್ಚುತ್ತದೆಂದು ಕಾವೇರಮ್ಮನ ಸ್ಟಿಕ್ಕರ್ ಬಿಂದಿಯೊಂದನ್ನು ತೆಗೆದು ಅದರ ಮೇಲಿನ ಗಾಜಿಗೆ ಅಂಟಿಸಿದರು. ಹಳದಿ ದೀಪ ಮರೆಯಾಯಿತು, ಮೇಷ್ಟ್ರ ಮನಸ್ಸಿಗೆ ನೆಮ್ಮದಿಯಾಯಿತು.

ಆ ನೆಮ್ಮದಿ ಒಂದು ತಿಂಗಳು ಬಂತು. ಅಕ್ಟೋಬರಿನ ಒಂದು ಶುಕ್ರವಾರ, ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ, ಕಾರು ಇನ್ನು ನನ್ನಿಂದಾಗದು ಎನ್ನುವಂತೆ ಏದುಸಿರು ಬಿಡತೊಡಗಿತು. ಎಷ್ಟು ಒತ್ತಿದರೂ ಎಳೆಯಲಿಲ್ಲ. ಆಟೋಗಳೆಲ್ಲ ಹಾರ್ನ್ ಹೊಡೆದು ಹೊಡೆದು ಸುಸ್ತಾದವು. ಹಿಂದಿನ ದಿನವಷ್ಟೇ ರಾಘವ ಫೋನು ಮಾಡಿ, ಭಾನುವಾರ ಬೆಳಿಗ್ಗೆ ಬರುತ್ತಿದ್ದೇನೆ, ಬಂದು ಕಾರು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದ. ಹೆಂಡತಿಯ ತೌರಿನವರ ಎದುರಿಗೆ ಮೂವತ್ತು ವರ್ಷದಿಂದ ಎಲ್ಲಿಯೂ ಕುಂದು ಕಾಣಿಸಿಕೊಳ್ಳದ ಮೇಷ್ಟ್ರ ಹಣೆಯಲ್ಲಿ ಬೆವರೊಡೆಯಿತು.

ಗಂಡ ಹೆಂಡತಿ ಇಬ್ಬರನ್ನೂ ಹೊತ್ತುಕೊಂಡು ಕಾರು ಕುಂಟುತ್ತಾ ತ್ಯಾಗರಾಜನಗರದ ಮುರುಗೇಶನ ಗ್ಯಾರೇಜು ಸೇರಿತು. ಮುರುಗೇಶ ಮೇಷ್ಟ್ರ ಕೈಯಲ್ಲೇ ಎಂಟನೇ ಕ್ಲಾಸು ಓದಿದವನು. ಓದಿದ ಎನ್ನುವುದಕ್ಕಿಂತ ಎರಡು ಸಲ ಕೂತಿದ್ದ ಎನ್ನಬೇಕು. ಈಗ ಕಾರಿಗೆ ವೈರು ಚುಚ್ಚಿ ಕಂಪ್ಯೂಟರಿನಲ್ಲಿ ಅದರ ಜಾತಕ ಓದುವಷ್ಟು ಬೆಳೆದಿದ್ದ. ಅವನು ಮೊದಲು ಬಿಂದಿಯನ್ನು ಉಗುರಿನಿಂದ ಎಬ್ಬಿಸಿ, ಬಹಳ ಮರ್ಯಾದೆಯಿಂದ ಕಾವೇರಮ್ಮನ ಕೈಗೆ ಕೊಟ್ಟ. ಆಮೇಲೆ ಕಂಪ್ಯೂಟರು ನೋಡಿದ. ನೋಡಿ, ಸಾರ್ ಈ ಕಾರನ್ನ ಎಲ್ಲಿ ಓಡಿಸ್ತಾರಮ್ಮ, ಎಂದು ಮೇಷ್ಟ್ರನ್ನು ಬಿಟ್ಟು ಅವರನ್ನು ಕೇಳಿದ. ಹಾಲು ಬೂತು, ತರಕಾರಿ, ಮಠ ಎಂದು ಕಾವೇರಮ್ಮ ಹೇಳಿದರು.

ಅವನು ಬಿಡಿಸಿ ಹೇಳಿದ್ದು ಇಷ್ಟು. ಡೀಸೆಲ್ ಎಂಜಿನ್ನು ಮಸಿ ಉಗುಳುತ್ತದೆ. ಆ ಮಸಿ ಊರಿನ ಗಾಳಿಗೆ ಸೇರದ ಹಾಗೆ ಈ ಕಾರಿನ ಸೈಲೆನ್ಸರಿನ ದಾರಿಯಲ್ಲಿ ಒಂದು ಫಿಲ್ಟರು ಇಟ್ಟಿದ್ದಾರೆ. ಮಸಿ ತುಂಬುತ್ತಾ ಬಂದಾಗ ಕಾರು ತಾನೇ ಒಂದಿಷ್ಟು ಹೆಚ್ಚು ಡೀಸೆಲ್ ಉರಿಸಿ, ಫಿಲ್ಟರನ್ನು ಕಾಯಿಸಿ, ಮಸಿಯನ್ನು ಒಳಗೇ ಸುಟ್ಟುಕೊಳ್ಳುತ್ತದೆ. ಅದಕ್ಕೆ ಎಂಜಿನ್ನು ಚೆನ್ನಾಗಿ ಬಿಸಿಯಾಗಿರಬೇಕು, ಕಾರು ಎಲ್ಲೂ ನಿಲ್ಲದೆ ಇಪ್ಪತ್ತು ನಿಮಿಷವಾದರೂ ಜೋರಾಗಿ ಓಡಬೇಕು. ಮಠಕ್ಕೆ ಹೋಗಿಬರುವುದರಲ್ಲಿ ಅದು ಬಿಸಿಯೇ ಆಗುವುದಿಲ್ಲ. ಪಾಪ, ಅಷ್ಟಾದರೂ ಅದು ಹದಿನಾಲ್ಕು ಸಲ ಸುಟ್ಟುಕೊಳ್ಳಲು ಹೊರಟಿದೆ. ಹದಿನಾಲ್ಕು ಸಲವೂ ಯಾರೋ ಮಧ್ಯದಲ್ಲಿ ಆರಿಸಿಬಿಟ್ಟಿದ್ದಾರೆ.

ಯಾರೋ ಎಂಬ ಮಾತಿಗೆ ಮೇಷ್ಟ್ರು ಕೆಮ್ಮಿದರು. ಸುಟ್ಟ ವಾಸನೆ ಬಂದರೆ ಆರಿಸದೆ ಇನ್ನೇನು ಮಾಡಬೇಕಪ್ಪ ಎಂದು ಕೇಳಿದರು.

"ಏನೂ ಮಾಡ್ಬಾರ್ದು ಸಾರ್. ಓಡಿಸ್ತಾ ಇರ್ಬೇಕು. ದಹನಕ್ಕೆ ಶಾಖ ಬೇಕು ಅಂತ ನೀವೇ ಹೇಳ್ಕೊಟ್ಟಿದ್ದು."

ಕಾವೇರಮ್ಮನಿಗೆ ಅಷ್ಟು ಹೊತ್ತಿಗೆ ಎಲ್ಲ ಕಣ್ಣಿಗೆ ಕಟ್ಟಿತ್ತು. "ನಮ್ಮ ಕಾಫಿ ಫಿಲ್ಟರ್ ಕಟ್ಕೊಂಡ ಹಾಗೇ ತಾನೇ?" ಎಂದರು. ಡಿಕಾಕ್ಷನ್ ಇಳಿಯದೆ ಹೋದಾಗ ಮೇಲಿನ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಯ ಮೇಲೆ ತೂತುಗಳು ಕೆಂಪಗಾಗುವವರೆಗೆ ಕಾಯಿಸಬೇಕು; ಸೇರಿಕೊಂಡ ಚರಟವೆಲ್ಲ ಹೊಗೆಯಾಡಿ ಸುಟ್ಟುಹೋಗುತ್ತದೆ, ಕೊಡವಿದರೆ ಒಂದೊಂದು ತೂತೂ ಬೆಳಕು ಬಿಡುತ್ತದೆ. ಹೊಗೆ ಬಂತೆಂದು ಹೆದರಿ ಅರ್ಧಕ್ಕೇ ಇಳಿಸಿದರೋ, ಚರಟ ಮೊದಲಿಗಿಂತ ಗಟ್ಟಿಯಾಗಿ ಕೂರುತ್ತದೆ. ಅಂದ್ರೆ ನೀವು ಹದಿನಾಲ್ಕು ಸಲ ಒಲೆಯಿಂದ ಇಳಿಸಿದ್ದೀರಿ, ಎಂದು ಗಂಡನ ಕಡೆ ತಿರುಗಿ ಹೇಳಿದರು.

ಮುರುಗೇಶ ಅದೇ ಕರೆಕ್ಟು, ನನಗೂ ಇಷ್ಟು ಸಲೀಸಾಗಿ ಹೇಳಲು ಬರಲಿಲ್ಲ ಎಂದ. ಮೇಷ್ಟ್ರಿಗೆ ಮುಖಭಂಗವಾಯಿತು. ಪರದೇಶದ ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ್ದನ್ನು ಇವಳು ಅಡುಗೆಮನೆಯ ಕಟ್ಟೆಗೆ ತಂದಿಟ್ಟಳಲ್ಲ ಎಂದು ಗೊಣಗಿಕೊಂಡರು.

ಮುರುಗೇಶನ ಲೆಕ್ಕದಲ್ಲಿ ಇನ್ನೊಂದೇ ಅವಕಾಶ ಉಳಿದಿತ್ತು. ಇನ್ನಷ್ಟು ತುಂಬಿದರೆ ಕಾರು ಸುಡುವ ಕೆಲಸಕ್ಕೆ ಕೈಯನ್ನೇ ಹಾಕುವುದಿಲ್ಲ. ಆಗ ಲಾರಿಯ ಮೇಲೆ ಹೇರಿ ಕಂಪನಿಗೆ ಕಳಿಸಿ ಫಿಲ್ಟರನ್ನೇ ಬದಲಾಯಿಸಬೇಕು. ನಾಳೆ ಬೆಳಿಗ್ಗೆ ಮೈಸೂರು ರಸ್ತೆಗೆ ಹೋಗಬೇಕು, ಅರವತ್ತರ ಮೇಲೆ, ನಾಲ್ಕನೇ ಗೇರಿನಲ್ಲೇ, ಎಂಜಿನ್ನಿನ ಸದ್ದು ಕೇಳುವ ಹಾಗೆ ಓಡಿಸಬೇಕು, ಹಳದಿ ದೀಪ ಆರುವವರೆಗೆ ನಿಲ್ಲಿಸಕೂಡದು. ಬೇಕಾದರೆ ತಾನೇ ಬರುತ್ತೇನೆ ಎಂದೂ ಹೇಳಿದ. ಮೇಷ್ಟ್ರು ಬೇಡವೆಂದರು. ಭಾವಮೈದುನ ನಂಬಿ ಕೊಟ್ಟಿದ್ದು ತಮ್ಮ ಕೈಗೆ, ಬೇರೆಯವರ ಕೈಗೆ ಅಲ್ಲ. ನಾನು ಓಡಿಸುತ್ತೇನೆ ಎಂಬ ಮಾತು ಕಾವೇರಮ್ಮನ ನಾಲಿಗೆಯ ತುದಿಗೆ ಬಂತು. ಹಳೆಯ ಶಿಷ್ಯನ ಎದುರಿಗೆ ಬೇಡ ಎಂದು ನುಂಗಿಕೊಂಡರು.

ಮಾರನೆಯ ದಿನ ಆರು ಗಂಟೆಗೆ ಹೊರಟರು. ಕಾವೇರಮ್ಮ ಬ್ಯಾಗಿನಲ್ಲಿ ನೀರಿನ ಬಾಟಲಿ, ಎರಡು ಬಾಳೆಹಣ್ಣು, ಏನಕ್ಕೂ ಇರಲಿ ಎಂದು ಲೈಸೆನ್ಸು, ಇಷ್ಟು ಇಟ್ಟುಕೊಂಡಿದ್ದರು. ನಾಯಂಡಹಳ್ಳಿ ದಾಟುವವರೆಗೆ ಮೇಷ್ಟ್ರು ಎಂದಿನಂತೆ ನಡೆಸಿದರು. ಕೆಂಗೇರಿ ಆದ ಮೇಲೆ ರಸ್ತೆ ಬಿಚ್ಚಿಕೊಂಡಿತು. ಮೇಷ್ಟ್ರು ದೇವರನ್ನು ನೆನೆದು ಒತ್ತಿದರು. ನಲವತ್ತು. ಐವತ್ತು. ಅರವತ್ತು ಮುಟ್ಟಿತೋ ಇಲ್ಲವೋ, ಹಿಂದಿನಿಂದ ಒಂದು ಬಸ್ಸು ಹಾರ್ನ್ ಹೊಡೆಯಿತು. ಕಾರು ಇಪ್ಪತ್ತೈದಕ್ಕೆ ಇಳಿದು ಎಡಕ್ಕೆ ಸರಿಯಿತು. ಇನ್ನೊಂದು ಸಲ ಒತ್ತಿದರು. ಆಗ ಜಲ್ಲಿ ಲಾರಿ ಬಂತು. ಮೂರನೆಯ ಸಲಕ್ಕೆ ಯಾರೂ ಬರಲಿಲ್ಲ, ಆದರೂ ಬರಬಹುದೆಂದು ಮೇಷ್ಟ್ರು ಮೊದಲೇ ನಿಧಾನ ಮಾಡಿದರು. ಕುಂಬಳಗೋಡಿನ ಹತ್ತಿರ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತರು.

"ನನ್ನ ಕೈಲಿ ಆಗಲ್ಲ ಕಾವೇರಿ."

ಈ ಮಾತಿಗಾಗಿ ಹನ್ನೊಂದು ವರ್ಷ ಕಾದಿದ್ದ ಕಾವೇರಮ್ಮನಿಗೆ ಖುಷಿಯಾಗಬೇಕಾಗಿತ್ತು. ಆಗಲಿಲ್ಲ. ಬಾಟಲಿ ತೆಗೆದು ಗಂಡನಿಗೆ ನೀರು ಕೊಟ್ಟರು. ಕುಡಿದಾದ ಮೇಲೆ ಬ್ಯಾಗಿನಿಂದ ಲೈಸೆನ್ಸು ತೆಗೆದು ಅವರ ಕೈಗಿಟ್ಟರು.

ಮೇಷ್ಟ್ರು ಅದನ್ನು ಉತ್ತರಪತ್ರಿಕೆ ನೋಡುವಂತೆ ಹಿಂದೆ ಮುಂದೆ ತಿರುಗಿಸಿ, ತಾರೀಖಿನ ಮೇಲೆ ಬೆರಳಿಟ್ಟು ಓದಿದರು. ಎರಡು ಸಾವಿರದ ಐದರಲ್ಲಿ ಇದನ್ನು ಯಾವಾಗ ಹೋಗಿ ನವೀಕರಿಸಿಕೊಂಡೆ ಎಂದು ಕೇಳಿದರು. ಬ್ಲೌಸ್ ಪೀಸ್ ತರಲು ಹೋಗಿದ್ದ ದಿನ ಎಂದು ಕಾವೇರಮ್ಮ ಹೇಳಿದರು. ಇದ್ದದ್ದು ಇರಲಿ ಎಂದು ಬನಶಂಕರಿಯ ವಿಷಯವನ್ನೂ ಹಾರೋಹಳ್ಳಿಯ ವಿಷಯವನ್ನೂ ಅಲ್ಲೇ ಹೇಳಿ ಮುಗಿಸಿದರು. ಮೇಷ್ಟ್ರು ಲೈಸೆನ್ಸನ್ನು ಅವರ ಕೈಗೆ ವಾಪಸ್ ಕೊಟ್ಟರು. ಬಾಗಿಲು ತೆಗೆದು ಇಳಿದು, ಕಾರನ್ನು ಸುತ್ತಿ ಬಂದು, ಹೆಂಡತಿ ಎದ್ದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು.

ಕಾವೇರಮ್ಮ ಸೆರಗು ಸಿಕ್ಕಿಸಿ, ಸೀಟು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಮಾಡಿ ಹೊರಟರು. ಕಾರು ಮೊದಮೊದಲು ಮುನಿಸಿಕೊಂಡಂತೆ ಎಳೆಯಿತು. ನಾಲ್ಕನೇ ಗೇರಿನಲ್ಲಿ ಸದ್ದು ಏರಿಸಿ ಹಿಡಿದರು. ಮೇಷ್ಟ್ರು ಪ್ರತಿ ಅರ್ಧ ನಿಮಿಷಕ್ಕೆ ಬಗ್ಗಿ ಸ್ಪೀಡಾಮೀಟರು ನೋಡಿ, ಅರವತ್ತೈದು, ಎಪ್ಪತ್ತು, ಎಪ್ಪತ್ತೆರಡು ಎಂದು ಮಾರ್ಕ್ಸು ಓದುವ ಧ್ವನಿಯಲ್ಲಿ ಹೇಳುತ್ತಿದ್ದರು. ಎಂಬತ್ತಕ್ಕೆ ಧ್ವನಿ ನಿಂತಿತು. ಹತ್ತು ನಿಮಿಷವಾಗಿರಬೇಕು, ಅದೇ ಕಮಟು ವಾಸನೆ ಒಳಗೆ ಬಂತು. ಮೇಷ್ಟ್ರ ಕೈ ಹಳೆಯ ಅಭ್ಯಾಸದಂತೆ ಕೀಲಿಯ ಕಡೆ ಚಾಚಿತು.

"ಕೈ ತೆಗೀರಿ. ಈಗ ಒಲೆ ಮೇಲಿದೆ."

ಮೇಷ್ಟ್ರು ಕೈಯನ್ನು ಹಿಂದಕ್ಕೆ ಎಳೆದುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡರು.

ಬಿಡದಿ ದಾಟಿ ಸ್ವಲ್ಪ ದೂರಕ್ಕೆ ಹಳದಿ ದೀಪ ಆರಿತು. ಕಾವೇರಮ್ಮ ಅದನ್ನು ಕಣ್ಣಾರೆ ನೋಡಿದರು. ಕಾರು ಗಂಟಲು ಬಿಚ್ಚಿದ ಹಾಗೆ ಹಗುರವಾಗಿ, ಕಾಲು ಮುಟ್ಟಿದರೆ ಸಾಕು ಓಡತೊಡಗಿತು. ಬಂದ ಕೆಲಸ ಮುಗಿದಿತ್ತು. ಹೇಳಬೇಕಿತ್ತು. ಹೇಳಿದರೆ ಮೇಷ್ಟ್ರು ವಾಪಸ್ ತಿರುಗಿಸು ಎನ್ನುತ್ತಾರೆ, ತಿರುಗಿಸಿದರೆ ಮತ್ತೆ ಎಡಗಡೆಯ ಸೀಟು. ಇನ್ನೊಂದು ಊರು ಎಂದುಕೊಂಡು ಸುಮ್ಮನೆ ಓಡಿಸಿದರು. ರಾಮನಗರದ ಬಂಡೆಗಳು ಬಂದವು, ಹೋದವು. ಬೆಳಗಿನ ಬಿಸಿಲು ರಸ್ತೆಯ ಮೇಲೆ ಬಿದ್ದಿತ್ತು, ಎರಡೂ ಕಡೆ ಹಿಪ್ಪುನೇರಳೆ ತೋಟ ಹಸಿರಾಗಿತ್ತು, ಕಾವೇರಮ್ಮನಿಗೆ ಯಾವ ಕಾರಣವೂ ಇಲ್ಲದೆ ಹಾಡಬೇಕೆನ್ನಿಸಿತು. ಪಕ್ಕದಲ್ಲಿ ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು.

ಚನ್ನಪಟ್ಟಣದಲ್ಲಿ ಕಾಫಿಗೆ ನಿಲ್ಲಿಸಿದರು. ಹೋಟೆಲಿನ ಮುಂದಿನ ಬೆಂಚಿನ ಮೇಲೆ ಲೋಟ ಹಿಡಿದು ಕೂತ ಮೇಲೆ ಕಾವೇರಮ್ಮನಿಗೆ ಇನ್ನು ಮುಚ್ಚಿಡುವುದು ಸರಿಯಲ್ಲ ಅನ್ನಿಸಿತು. ದೀಪ ಬಿಡದಿ ದಾಟಿದಾಗಲೇ ಆರಿತು, ನಾನು ಬೇಕೆಂದೇ ಹೇಳಲಿಲ್ಲ ಎಂದರು.

"ಗೊತ್ತು. ನಾನೂ ನೋಡ್ದೆ," ಎಂದರು ಮೇಷ್ಟ್ರು.

"ನೋಡಿ ಮತ್ತೆ ಸುಮ್ನಿದ್ರಾ?"

"ಹೇಳಿದ್ರೆ ನೀನು ತಿರುಗಿಸ್ತಿದ್ದೆ."

ಕಾವೇರಮ್ಮ ಲೋಟ ಕೆಳಗಿಟ್ಟರು. ಮೇಷ್ಟ್ರು ರಸ್ತೆಯ ಕಡೆ ನೋಡಿಕೊಂಡೇ, ಪಾಠದಲ್ಲಿ ತಾವೇ ತಪ್ಪು ಹೇಳಿಕೊಟ್ಟದ್ದನ್ನು ಒಪ್ಪಿಕೊಳ್ಳುವವರ ಹಾಗೆ ನಿಧಾನವಾಗಿ ಹೇಳಿದರು.

"ನಿನಗೆ ಬರಲ್ಲ ಅಂತ ನಾನು ಕೀ ಇಟ್ಕೊಂಡಿದ್ದಲ್ಲ, ಕಾವೇರಿ. ನಿನಗೆ ಬಂದ್ಬಿಟ್ರೆ, ನನಗೆ ಬರಲ್ಲ ಅನ್ನೋದು ಗೊತ್ತಾಗ್ಬಿಡತ್ತೆ ಅಂತ."

ಕಾವೇರಮ್ಮನಿಗೆ ಕೆಂಡದಂಥ ಸಿಟ್ಟು ಬಂತು. ಹನ್ನೊಂದು ವರ್ಷ, ಇಷ್ಟಕ್ಕಾಗಿ. ಮೊದಲೇ ಹೇಳಿದ್ದರೆ ನಾನೇನು ಊರಿಗೆಲ್ಲ ಡಂಗುರ ಹೊಡೆಯುತ್ತಿದ್ದೆನೇ ಎಂದು ಕೇಳಿದರು. ಊರಿಗೆಲ್ಲ ಅಲ್ಲ, ನಿನ್ನ ತಮ್ಮನಿಗೆ ಹೇಳುತ್ತಿದ್ದೆ ಎಂದರು ಮೇಷ್ಟ್ರು. ಕಾವೇರಮ್ಮ ಇಲ್ಲ ಎನ್ನಲು ಬಾಯಿ ತೆರೆದರು. ಆದರೆ ರಾಘವನಿಗೆ ಅದೇ ಸಂಜೆ ಫೋನು ಮಾಡಿ, ಎರಡು ಮಾತು ಸೇರಿಸಿಯೇ ಹೇಳುತ್ತಿದ್ದರೆಂಬುದು ಅವರಿಗೇ ಚೆನ್ನಾಗಿ ಗೊತ್ತಿತ್ತು. ಸಿಟ್ಟು ಇನ್ನೂ ಇತ್ತು, ಅದರ ಜೊತೆಗೇ ಕಣ್ಣು ತುಂಬಿ ಬಂತು, ಕಣ್ಣು ತುಂಬಿದ್ದಕ್ಕೆ ಮತ್ತೆ ಸಿಟ್ಟು ಬಂತು.

ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಮೇಷ್ಟ್ರು ಬೆಂಚಿನ ಮೇಲಿರಲಿಲ್ಲ. ಕಾಫಿಗೆ ದುಡ್ಡು ಕೊಟ್ಟು, ರಸ್ತೆ ದಾಟಿ, ಕಾರಿನ ಎಡಗಡೆಯ ಬಾಗಿಲ ಪಕ್ಕದಲ್ಲಿ ನಿಂತಿದ್ದರು. ಕೀಲಿಕೈ ಕಾವೇರಮ್ಮನ ಕೈಯಲ್ಲಿತ್ತು. ಬಂದು ಬಾಗಿಲು ತೆಗೆಯಲಿ ಎಂದು ಅವರು ಕಾಯುತ್ತಿದ್ದರು.